ಗೋಡೆಗೆ ಕಟಿಂಗ್ ಹೊಡೆಯುವ ಮುಂಚೆ: ಆಳದ ಲೆಕ್ಕ, ಧೂಳಿನ ಲೆಕ್ಕ

ಬ್ಲಾಕ್ ಕೆಲಸ ಮುಗಿದ ಮನೆಗೆ ಎಲೆಕ್ಟ್ರಿಷಿಯನ್ ಕಡೆಯ ಹುಡುಗರು ಬಂದು ವೈರಿನ ಪೈಪು ಹೂಳಲು ಗೋಡೆ ಕೊರೆಯುವ ಮಷಿನ್ ಆನ್ ಮಾಡಿದರು ಅಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಕಿವಿ ಸೀಳುವ ಸದ್ದು, ಕಿಟಕಿಯಿಂದ ಆಚೆ ನುಗ್ಗುವ ಬೂದು ಧೂಳು, ಪಕ್ಕದ ಮನೆಯವರ ಗೊಣಗಾಟ. ನಾಲ್ಕೈದು ದಿನ ಇದು ನಡೆಯುತ್ತದೆ. ಆಮೇಲೆ ಗಾರೆ ಮೆತ್ತಿ ಬಣ್ಣ ಹೊಡೆದರೆ ಯಾರಿಗೂ ನೆನಪಿರುವುದಿಲ್ಲ. ಮನೆ ಕಟ್ಟಿಸುವವರು ಸ್ವಿಚ್ಚಿನ ಕಂಪನಿ, ಟೈಲ್ಸಿನ ಬಣ್ಣ, ನಲ್ಲಿಯ ಹೊಳಪು ಎಲ್ಲವನ್ನೂ ನೂರು ಸಲ ವಿಚಾರಿಸುತ್ತಾರೆ. ಗೋಡೆಯನ್ನು ಎಷ್ಟು ಆಳ ಕೊರೆಯುತ್ತೀರಿ, ಆ ಧೂಳನ್ನು ಏನು ಮಾಡುತ್ತೀರಿ ಅಂತ ಕೇಳುವವರು ಕಡಿಮೆ.

ಈ ಕೆಲಸದಲ್ಲಿ ಕೆಡುವುದು ಎರಡು: ಗೋಡೆ, ಮತ್ತು ಅದನ್ನು ಕೊರೆಯುವವರ ಶ್ವಾಸಕೋಶ. ಎರಡಕ್ಕೂ ಮದ್ದು ಮಷಿನ್ ಆನ್ ಆಗುವ ಮುಂಚೆಯೇ ಶುರುವಾಗುತ್ತದೆ. ಎಲ್ಲಿ ಕೊರೆಯಬೇಕು, ಎಲ್ಲಿ ಬೇಡ ಅಂತ ಕೂತು ಗೆರೆ ಎಳೆದರೆ ಕೊರೆಯುವ ಉದ್ದವೇ ಕಡಿಮೆಯಾಗುತ್ತದೆ. ಕೊರೆಯದೆ ಬಿಟ್ಟ ಕಡೆ ಬಿರುಕೂ ಇಲ್ಲ, ಧೂಳೂ ಇಲ್ಲ.

ಮೊದಲು ಗೋಡೆ ನೋಡೋಣ. ನಮ್ಮಲ್ಲಿ ಸಾಮಾನ್ಯವಾಗಿ ಹೊರಗೋಡೆಗೆ 6 ಅಥವಾ 8 ಇಂಚಿನ ಸಾಲಿಡ್ ಬ್ಲಾಕ್, ಒಳಗೋಡೆಗೆ 4 ಇಂಚಿನದು. ಇಟ್ಟಿಗೆಯಾದರೆ 9 ಇಂಚು ಅಥವಾ ನಾಲ್ಕೂವರೆ. ಇಂಥ ಗೋಡೆಗಳ ಬಗ್ಗೆ ಐಎಸ್ 1905 ಅಂತ ಒಂದು ಭಾರತೀಯ ಮಾನದಂಡ ಇದೆ, 1987ರದ್ದು. ಅದರ ಲೆಕ್ಕ ಸರಳ. ಭಾರ ಹೊರುವ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಕೊರೆಯುವ ಗ್ರೂವ್, ಅಂದರೆ ಪೈಪು ಕೂರುವ ಕಾಲುವೆ, ಆಳದಲ್ಲಿ ಗೋಡೆಯ ದಪ್ಪದ ಮೂರನೇ ಒಂದು ಭಾಗ ಮೀರಬಾರದು. ಅಡ್ಡಕ್ಕೆ ಕೊರೆಯುವುದಾದರೆ ಆರನೇ ಒಂದು ಭಾಗ ಮೀರಬಾರದು. ಮಿಲಿಮೀಟರಿಗೆ ಇಳಿಸಿ ನೋಡಿ: 8 ಇಂಚಿನ ಗೋಡೆ ಅಂದರೆ 200 ಮಿಮೀ, ಅದರಲ್ಲಿ ನೆಟ್ಟಗೆ 66, ಅಡ್ಡಕ್ಕೆ 33. ಆರಿಂಚಿನದರಲ್ಲಿ 50 ಮತ್ತು 25. ನಾಲ್ಕಿಂಚಿನದರಲ್ಲಿ 33 ಮತ್ತು ಬರೀ 16.

ಈಗ ಪೈಪಿನ ಲೆಕ್ಕ. ವೈರಿಂಗಿಗೆ ಬಳಸುವ ಪಿವಿಸಿ ಪೈಪು 20 ಅಥವಾ 25 ಮಿಮೀ. ಅದು ಗೋಡೆಯೊಳಗೆ ಪೂರ್ತಿ ಕೂತು ಮೇಲೆ ಸ್ವಲ್ಪ ಗಾರೆ ಹಿಡಿಯಬೇಕು ಅಂದರೆ 25ರಿಂದ 30 ಮಿಮೀ ಆಳ ಬೇಕು. ಅಲ್ಲಿಗೆ ನಾಲ್ಕಿಂಚಿನ ಗೋಡೆಯಲ್ಲಿ ನೆಟ್ಟಗೆ ಕೊರೆದರೆ ಹೇಗೋ ಲೆಕ್ಕದೊಳಗೆ ಬರುತ್ತದೆ, ಅಡ್ಡಕ್ಕೆ ಕೊರೆದರೆ ಬರುವುದೇ ಇಲ್ಲ. ಆದರೆ ಸೈಟಿನಲ್ಲಿ ನಡೆಯುವುದೇನು? ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಹತ್ತಿರದ ದಾರಿ ಅಂತ ಸೊಂಟದ ಎತ್ತರದಲ್ಲಿ ಎಂಟು ಅಡಿ ಉದ್ದಕ್ಕೂ ಅಡ್ಡ ಕಟಿಂಗ್ ಹೊಡೆದು ಬಿಡುತ್ತಾರೆ. ಪೈಪು ಎರಡು ಮೀಟರ್ ಉಳಿಯುತ್ತದೆ, ಗೋಡೆ ಕೆಡುತ್ತದೆ.

ಅಡ್ಡಕ್ಕೆ ಯಾಕೆ ಅಷ್ಟು ಬಿಗಿ? ಗೋಡೆಯ ಭಾರ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ನೆಟ್ಟಗೆ ಕೊರೆದ ಗ್ರೂವ್ ಭಾರ ಇಳಿಯುವ ದಿಕ್ಕಿನಲ್ಲೇ ಇರುತ್ತದೆ, ಅದರ ಎರಡೂ ಪಕ್ಕದಲ್ಲಿ ಪೂರ್ತಿ ದಪ್ಪದ ಗೋಡೆ ಇದ್ದೇ ಇರುತ್ತದೆ. ಅಡ್ಡಕ್ಕೆ ಕೊರೆದರೆ ಆ ಉದ್ದಕ್ಕೂ ಮೇಲಿನ ಭಾರವೆಲ್ಲ ಉಳಿದ ದಪ್ಪದ ಮೇಲೆ ಮಾತ್ರ ಕೂರಬೇಕು. ಭಾರ ಗೋಡೆಯ ನಡುವಿನಿಂದ ಒಂದು ಕಡೆಗೆ ಸರಿಯುತ್ತದೆ, ಗೋಡೆ ಬಾಗಲು ನೋಡುತ್ತದೆ. ಅದಕ್ಕೇ ಆ ಮಾನದಂಡ ಅಡ್ಡ ಗ್ರೂವ್ ಆದಷ್ಟು ಬೇಡ ಅನ್ನುತ್ತದೆ, ತಪ್ಪದಿದ್ದರೆ ಒಂದು ಮೀಟರಿಗಿಂತ ಉದ್ದ ಬೇಡ ಅನ್ನುತ್ತದೆ. ಅರ್ಧ ಇಟ್ಟಿಗೆಯ ಗೋಡೆ, ಅಂದರೆ ನಮ್ಮ ನಾಲ್ಕೂವರೆ ಇಂಚಿನದು, ಭಾರ ಹೊರುತ್ತಿದ್ದರೆ ಕೊರೆಯಲೇಬೇಡಿ ಅನ್ನುತ್ತದೆ.

"ನಮ್ಮದು ಪಿಲ್ಲರ್ ಮನೆ ಸಾರ್, ಗೋಡೆ ಮೇಲೆ ಭಾರ ಎಲ್ಲಿದೆ?" ಅನ್ನುವ ಮಾತು ಖಂಡಿತ ಬರುತ್ತದೆ. ಅರ್ಧ ನಿಜ. ಪಿಲ್ಲರ್, ಬೀಮ್ ಇರುವ ಮನೆಯಲ್ಲಿ ಒಳಗೋಡೆ ಸ್ಲ್ಯಾಬನ್ನು ಹೊರುವುದಿಲ್ಲ, ಆ ನಿಯಮ ಅಕ್ಷರಶಃ ಅದಕ್ಕೆ ಹೊಂದುವುದಿಲ್ಲ. ಆದರೆ ನಾಲ್ಕಿಂಚಿನ ಬ್ಲಾಕಿನಲ್ಲಿ ಎರಡಿಂಚು ಆಳದ ಮೆಟಲ್ ಬಾಕ್ಸ್ ಕೂರಿಸಿ, ಗೋಡೆಯ ಆ ಕಡೆ ಬೆಡ್‌ರೂಮಿನಲ್ಲೂ ಅದೇ ಜಾಗಕ್ಕೆ ಇನ್ನೊಂದು ಬಾಕ್ಸ್ ಇಟ್ಟರೆ ಅಲ್ಲಿ ಗೋಡೆಯೇ ಉಳಿಯುವುದಿಲ್ಲ. ಒಂದು ಬಾಕ್ಸಿನ ಬೆನ್ನು ಇನ್ನೊಂದಕ್ಕೆ ತಾಗಿಕೊಂಡಿರುತ್ತದೆ. ಈ ರೂಮಿನಲ್ಲಿ ಮಾತಾಡಿದ್ದು ಆ ರೂಮಿಗೆ ಕೇಳುತ್ತದೆ. ಒಂದಡಿ ಪಕ್ಕಕ್ಕೆ ಸರಿಸಿದ್ದರೆ ಸಾಕಿತ್ತು. ಇನ್ನು ಹಳೇ ಊರುಗಳಲ್ಲಿ, ಸೈಜುಗಲ್ಲು ಅಥವಾ ಇಟ್ಟಿಗೆಯಲ್ಲಿ ಕಟ್ಟಿದ ಮನೆಗಳಲ್ಲಿ ಪಿಲ್ಲರೇ ಇರುವುದಿಲ್ಲ. ಅಲ್ಲಿ ಆ ನಿಯಮ ಪೂರ್ತಿ ಲಾಗೂ. ಅದೇ ಮಾನದಂಡ ಬಾಗಿಲು ಕಿಟಕಿಯ ಸಂದಿನಿಂದ 345 ಮಿಮೀ ಒಳಗೆ ನೆಟ್ಟನೆ ಗ್ರೂವ್ ಬೇಡ ಅನ್ನುತ್ತದೆ, ಹೆಚ್ಚುಕಡಿಮೆ ಹದಿನಾಲ್ಕು ಇಂಚು. ನಮ್ಮಲ್ಲಿ ಸ್ವಿಚ್ ಬೋರ್ಡು ಇರುವುದೆಲ್ಲಿ? ಬಾಗಿಲ ಚೌಕಟ್ಟಿಗೆ ಅಂಟಿಕೊಂಡ ಹಾಗೆ, ಅಲ್ವಾ.

ಕಾಂಕ್ರೀಟಿನ ವಿಷಯದಲ್ಲಿ ಲೆಕ್ಕವೇ ಬೇಡ. ಪಿಲ್ಲರ್, ಬೀಮ್, ಬಾಗಿಲು ಕಿಟಕಿಯ ಮೇಲಿನ ಲಿಂಟಲ್, ಇವಕ್ಕೆ ಬ್ಲೇಡ್ ತಾಗಿಸಬಾರದು. ಪಿಲ್ಲರಿನಲ್ಲಿ ಕಂಬಿಯ ಮೇಲೆ ಸಾಮಾನ್ಯವಾಗಿ ಇರುವ ಕಾಂಕ್ರೀಟ್ ಹೊದಿಕೆ 40 ಮಿಮೀ, ಬೀಮಿನಲ್ಲಿ ಇನ್ನೂ ಕಡಿಮೆ. ಪೈಪು ಹೂಳಲು 30 ಮಿಮೀ ತೆಗೆದರೆ ಕಂಬಿಗೂ ಗಾಳಿಗೂ ಮಧ್ಯೆ ಪಿಲ್ಲರಿನಲ್ಲಿ ಬರೀ 10 ಮಿಮೀ ಉಳಿಯುತ್ತದೆ, ಬೀಮಿನಲ್ಲಿ ಹೆಚ್ಚುಕಡಿಮೆ ಏನೂ ಉಳಿಯದು. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಎಸಿ ಪೈಪಿಗೆ ಬೀಮಿನ ತಳ ಕೊರೆಯುವ ಐಡಿಯಾ ಯಾರಾದರೂ ಕೊಟ್ಟರೆ ಅವರನ್ನು ಟೀ ಕುಡಿಯಲು ಕಳಿಸಿ ಎಂಜಿನಿಯರಿಗೆ ಫೋನ್ ಮಾಡಿ.

ಗೋಡೆ ಯಾವುದರದ್ದು ಅನ್ನುವುದರ ಮೇಲೂ ಹೋಗುತ್ತದೆ. ಕರಾವಳಿಯ ಮುರಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ. ಕಲ್ಲಿನ ತುಂಬಾ ತೂತು ಇರುವುದರಿಂದ ಅಂಚು ನೇರ ಬರುವುದಿಲ್ಲ, ಉದುರುತ್ತದೆ. ಅದಕ್ಕೆ ಕೊರೆಯುವಾಗಲೇ ಸ್ವಲ್ಪ ಅಗಲ ಜಾಸ್ತಿ ಇಟ್ಟುಕೊಳ್ಳಬೇಕು. ಒಳಗೆ ಗಾಳಿಗುಳ್ಳೆ ತುಂಬಿದ ಹಗುರವಾದ ಎಎಸಿ ಬ್ಲಾಕಿಗೆ ಮಷಿನ್ನೇ ಬೇಡ, ಕೈಯಲ್ಲಿ ಕೆರೆಯುವ ಗ್ರೂವ್ ಸ್ಕ್ರೇಪರ್ ಸಿಗುತ್ತದೆ, ಅದರಲ್ಲೇ ಆಗುತ್ತದೆ. ಒಳಗೆ ತೂತಿರುವ ಬ್ಲಾಕಿನಲ್ಲಂತೂ ಮೂರನೇ ಒಂದರ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಅಲ್ಲಿ ಭಾರ ಹೊರುವುದು ತೆಳ್ಳಗಿನ ಸಿಪ್ಪೆ. ಅದನ್ನು ಸೀಳಿದರೆ ಆ ಬ್ಲಾಕಿನ ಒಂದು ಮೈ ಹೋದಂತೆಯೇ.

ಹಾಗಾಗಿ ಗುರುತು ಹಾಕುವ ದಿನ ಎಲೆಕ್ಟ್ರಿಷಿಯನ್, ಪ್ಲಂಬರ್, ಗಾರೆ ಮೇಸ್ತ್ರಿ ಮೂವರೂ ಇರಲಿ, ಮನೆಯವರೂ ಇರಲಿ. ಸ್ಲ್ಯಾಬ್ ಹಾಕುವಾಗಲೇ ಪೈಪು ಬಿಟ್ಟಿದ್ದರೆ ಪ್ರತಿ ಬೋರ್ಡಿಗೂ ಮೇಲಿಂದ ನೆಟ್ಟಗೆ ಇಳಿಸಬಹುದು. ಅಡ್ಡ ಓಡಾಟ ಸ್ಲ್ಯಾಬಿನೊಳಗೇ ಮುಗಿದಿರುತ್ತದೆ. ತೂಕದಗುಂಡು ಬಿಟ್ಟು ಗೆರೆ ಎಳೆಯಿರಿ. ಓರೆಯಾಗಿ ಕೊರೆಯಲು ಯಾವತ್ತೂ ಬಿಡಬೇಡಿ: ನಾಳೆ ಫೋಟೋ ನೇತು ಹಾಕಲು ಮೊಳೆ ಹೊಡೆಯುವವರು ಬೋರ್ಡಿನ ಮೇಲೆ ಕೆಳಗೆ ತಪ್ಪಿಸಿ ಹೊಡೆಯುತ್ತಾರೆ, ಓರೆ ಪೈಪು ಎಲ್ಲಿದೆ ಅಂತ ಅವರಿಗೆ ಕನಸು ಬೀಳುವುದಿಲ್ಲ. ಬಾತ್‌ರೂಮಿನಲ್ಲಿ ನೀರಿನ ಪೈಪು, ನೀರನ್ನು ನಲ್ಲಿಗೋ ಶವರಿಗೋ ತಿರುಗಿಸಲು ಗೋಡೆಯೊಳಗೆ ಹೂಳುವ ಡೈವರ್ಟರ್ ಎಲ್ಲಾ ಬರುವುದರಿಂದ ಆ ಒಂದು ಗೋಡೆಯನ್ನು ಮೊದಲೇ ಆರಿಂಚಿನದು ಮಾಡಿಸಿಕೊಳ್ಳುವುದು ಜಾಣತನ. ನಾಲ್ಕಿಂಚಿನ ಡ್ರೈನ್ ಪೈಪನ್ನು ಗೋಡೆಯೊಳಗೆ ಹೂಳುವ ಮಾತೇ ಬೇಡ, ಅದಕ್ಕೆ ಡಕ್ಟ್, ಅಂದರೆ ಪೈಪುಗಳಿಗೇ ಬಿಟ್ಟ ಬೇರೆ ಜಾಗ ಇರಬೇಕು. ಇನ್ನು ಮಲೆನಾಡಿನ ಹಳೇ ಮಣ್ಣಿನ ಗೋಡೆ ಮನೆಗಳಲ್ಲಿ ಕೊರೆಯಲೇಬೇಡಿ. ಗೋಡೆಯ ಮೇಲೇ ಪಟ್ಟಿ ಕೂರಿಸಿ ಅದರೊಳಗೆ ವೈರು ಎಳೆಯುವ ಕೇಸಿಂಗ್ ಕ್ಯಾಪಿಂಗ್ ಹಾಕಿಸಿ, ನೋಡಲು ಸ್ವಲ್ಪ ಹಳೇ ಕಾಲದ್ದು ಅನ್ನಿಸಬಹುದು, ಆದರೆ ಗೋಡೆ ಗೋಡೆಯಾಗಿ ಇರುತ್ತದೆ.

ಕೊರೆಯುವ ರೀತಿ ಇಷ್ಟೇ. ಪೈಪಿನ ಅಗಲಕ್ಕೆ ಸ್ವಲ್ಪ ಜಾಸ್ತಿ ಅಂತರ ಬಿಟ್ಟು ಎರಡು ಸಮಾನ ಗೆರೆ ಬ್ಲೇಡಿನಲ್ಲಿ ಸೀಳುವುದು, ಮಧ್ಯದ ತುಂಡನ್ನು ಉಳಿ ಸುತ್ತಿಗೆಯಲ್ಲಿ ಎಬ್ಬಿಸುವುದು. ಬ್ಲೇಡ್ ಬಳಸದೆ ಬರೀ ಉಳಿಯಲ್ಲಿ ಹೊಡೆದರೆ ಸಣ್ಣ ಧೂಳು ಕಡಿಮೆ, ಆದರೆ ನಾಲ್ಕಿಂಚಿನ ಗೋಡೆ ಅದುರುತ್ತದೆ, ಹಸಿ ಗಾರೆಯ ಸಂದುಗಳು ಸಡಿಲವಾಗುತ್ತವೆ. ಹೊಸ ಗೋಡೆಗೆ ಕನಿಷ್ಠ ಒಂದು ವಾರ ನೀರು ಹಾಕಿ ಗಟ್ಟಿಯಾಗಲು ಬಿಟ್ಟು ಆಮೇಲೆ ಮುಟ್ಟಿ. ಆಳಕ್ಕೆ ಮಷಿನ್ನಿನಲ್ಲೇ ತಡೆ ಇರುತ್ತದೆ, ಅದನ್ನು 30 ಮಿಮೀಗೆ ಬಿಗಿದರೆ ಹುಡುಗನ ಕೈ ಅಂದಾಜಿನ ಮೇಲೆ ಗೋಡೆಯ ಹಣೆಬರಹ ನಿಲ್ಲುವುದಿಲ್ಲ.

ಒಂದು ವಿಷಯ ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಗೋಡೆ ಸೀಳಲು ಬಳಸುವ ಮಾರ್ಬಲ್ ಕಟರಿನ ಬ್ಲೇಡು 110 ಮಿಮೀ, ನಿಮಿಷಕ್ಕೆ ಸುಮಾರು 13,000 ಸುತ್ತು. ಲೆಕ್ಕ ಹಾಕಿದರೆ ಬ್ಲೇಡಿನ ಅಂಚು ಗಂಟೆಗೆ ಹೆಚ್ಚುಕಡಿಮೆ 270 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಸೈಟುಗಳಲ್ಲಿ ಜಾಸ್ತಿ ಆಳ ಸಿಗಲಿ ಅಂತ ಬ್ಲೇಡಿಗೆ ಮರೆಯಾಗಿರುವ ಗಾರ್ಡ್ ಬಿಚ್ಚಿ, ನಾಲ್ಕಿಂಚಿನ ಗ್ರೈಂಡರಿಗೆ ಐದಿಂಚಿನ ಬ್ಲೇಡ್ ಹಾಕಿಕೊಂಡು, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಏಣಿ ಮೇಲೆ ನಿಂತು ಹೊಡೆಯುವುದನ್ನು ಯಾರು ನೋಡಿಲ್ಲ? ದೊಡ್ಡ ಬ್ಲೇಡಿಗೆ ಅಷ್ಟು ವೇಗ ತಡೆಯುವ ಶಕ್ತಿ ಇರುವುದಿಲ್ಲ, ಗೋಡೆಯಲ್ಲಿ ಸಿಕ್ಕಿಕೊಂಡರೆ ಮಷಿನ್ ಎದೆ ಕಡೆಗೆ ಹಾರುತ್ತದೆ. ಜೊತೆಗೆ ಗಾರ್ಡ್ ಬಿಚ್ಚಿದ ಮಷಿನ್ನಿಗೆ ಧೂಳು ಹಿಡಿಯುವ ಕವರ್ ಹಾಕಲೂ ಆಗುವುದಿಲ್ಲ.

ಆ ಧೂಳು ಎಷ್ಟು ಅಂತ ನೋಡೋಣ. ಹತ್ತು ಅಡಿ ಉದ್ದದ ಒಂದು ಗ್ರೂವ್, 25 ಮಿಮೀ ಆಳ, ಎರಡು ಸೀಳು, ಬ್ಲೇಡಿನ ದಪ್ಪ 2 ಮಿಮೀ ಅಂತ ಹಿಡಿಯೋಣ. ಅಂದರೆ 300 ಸಿಸಿ ಬ್ಲಾಕ್ ಪುಡಿಯಾಯಿತು. ತೂಕದಲ್ಲಿ ಸುಮಾರು 600 ಗ್ರಾಂ. ಒಂದೇ ಒಂದು ಬೋರ್ಡಿನ ಇಳಿಕೆಗೆ ಇಷ್ಟು. ಬಹುಪಾಲು ದಪ್ಪ ಪುಡಿ, ಕಾಲಡಿಯಲ್ಲೇ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಅದು ಕೊಳೆ ಅಷ್ಟೇ, ಗುಡಿಸಬಹುದು. ತೊಂದರೆ ಇರುವುದು ಕಣ್ಣಿಗೆ ಕಾಣದ ಪಾಲಿನಲ್ಲಿ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ; 10 ಮೈಕ್ರಾನಿಗಿಂತ ಸಣ್ಣ ಕಣಗಳು ಮೂಗು ಗಂಟಲು ದಾಟಿ ಕೆಳಗಿಳಿಯುತ್ತವೆ, ಅದರಲ್ಲೂ ನಾಲ್ಕು ಮೈಕ್ರಾನಿನ ಆಸುಪಾಸಿನವು ಶ್ವಾಸಕೋಶದ ತಳಕ್ಕೇ ಹೋಗಿ ಕೂರುತ್ತವೆ.

ಕಾಂಕ್ರೀಟು, ಬ್ಲಾಕು, ಗಾರೆ ಎಲ್ಲದರಲ್ಲೂ ಮರಳು, ಜಲ್ಲಿ ಇದೆ. ಮರಳಿನಲ್ಲಿ ಸ್ಫಟಿಕ ಸಿಲಿಕಾ ಇದೆ. ನಮ್ಮಲ್ಲಿ ಈಗ ಎಲ್ಲೆಲ್ಲೂ ಎಂ-ಸ್ಯಾಂಡ್, ಅದು ಗ್ರಾನೈಟ್ ಜಾತಿಯ ಕಲ್ಲು ಅರೆದಿದ್ದು, ಅದರಲ್ಲೂ ಸಿಲಿಕಾ ಸಾಕಷ್ಟಿದೆ. ಬ್ರಿಟನ್ನಿನ ಆರೋಗ್ಯ ಸುರಕ್ಷತಾ ಇಲಾಖೆ ಕಾಂಕ್ರೀಟ್ ಮತ್ತು ಗಾರೆಯಲ್ಲಿ ಸಿಲಿಕಾ ಶೇ 25ರಿಂದ 70ರವರೆಗೆ ಇರಬಹುದು ಅನ್ನುತ್ತದೆ, ಇಟ್ಟಿಗೆಯಲ್ಲಿ ಶೇ 30ರವರೆಗೆ. ಅಮೆರಿಕ 2016ರಲ್ಲಿ ತಂದ ನಿಯಮದ ಪ್ರಕಾರ ಎಂಟು ಗಂಟೆಯ ಸರಾಸರಿಯಲ್ಲಿ ಉಸಿರಾಡುವ ಗಾಳಿಯ ಪ್ರತಿ ಘನ ಮೀಟರಿಗೆ ಇಂಥ ಸಣ್ಣ ಸಿಲಿಕಾ 50 ಮೈಕ್ರೋಗ್ರಾಂ ಮೀರಬಾರದು. ಕೆಲಸ ಮಾಡುವವರು ಒಂದು ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾರೆ ಅಂತಿಟ್ಟುಕೊಂಡರೆ ಇಡೀ ದಿನದ ಪಾಲು ಅರ್ಧ ಮಿಲಿಗ್ರಾಂ. ಈಗ ಹತ್ತು-ಹನ್ನೆರಡು ಅಡಿಯ, ಹತ್ತಡಿ ಎತ್ತರದ ಮುಚ್ಚಿದ ರೂಮು ನೆನೆಸಿಕೊಳ್ಳಿ, ಅದರಲ್ಲಿ ಸುಮಾರು 34 ಘನ ಮೀಟರ್ ಗಾಳಿ. ಆ 600 ಗ್ರಾಂ ಪುಡಿಯಲ್ಲಿ ಒಂದೇ ಒಂದು ಗ್ರಾಂ ಸಣ್ಣ ಸಿಲಿಕಾ ಗಾಳಿಗೆ ಸೇರಿದರೂ ಆ ಹೊತ್ತಿಗೆ ರೂಮಿನ ಗಾಳಿ ಆ ಮಿತಿಯ ಐನೂರು ಪಟ್ಟಿಗೂ ಜಾಸ್ತಿ ಆಯಿತು.

ಇದು ಬೇಗ ಕೆಳಗೆ ಬೀಳುವುದೂ ಇಲ್ಲ. ನಿಂತ ಗಾಳಿಯಲ್ಲಿ 10 ಮೈಕ್ರಾನಿನ ಕಣ ಸೂರಿನಿಂದ ನೆಲಕ್ಕೆ ಇಳಿಯಲು ಆರು ನಿಮಿಷ ಸಾಕು. 2 ಮೈಕ್ರಾನಿನದಕ್ಕೆ ಎರಡೂವರೆ ಗಂಟೆ ಬೇಕು, 1 ಮೈಕ್ರಾನಿನದಕ್ಕೆ ಹತ್ತು ಗಂಟೆ. ಓಡಾಟ, ಗಾಳಿ ಇದ್ದರೆ ಇನ್ನೂ ಜಾಸ್ತಿ. ಅಂದರೆ ಮಧ್ಯಾಹ್ನ ಮಷಿನ್ ನಿಲ್ಲಿಸಿ, ರೂಮು ತಿಳಿಯಾಯಿತು ಅಂತ ಅಲ್ಲೇ ಕೂತು ಊಟದ ಡಬ್ಬಿ ಬಿಚ್ಚುವ ಹುಡುಗರು ಬೆಳಿಗ್ಗೆಯ ಧೂಳನ್ನೇ ಉಸಿರಾಡುತ್ತಿರುತ್ತಾರೆ.

ಸಿಲಿಕೋಸಿಸ್ ಅನ್ನುವ ಕಾಯಿಲೆ ಬರುವುದು ಹೀಗೆ. ಸಿಲಿಕಾ ಕಣವನ್ನು ದೇಹ ಕರಗಿಸಲಾರದು. ಅದರ ಸುತ್ತ ಶ್ವಾಸಕೋಶದಲ್ಲಿ ಗಂಟು ಕಟ್ಟಿಕೊಂಡು, ಮೆತ್ತಗಿರಬೇಕಾದ ಅಂಗ ಗಡುಸಾಗುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಆದ ಮೇಲೆ ಗೊತ್ತಾಗುತ್ತದೆ, ಆಗ ವಾಸಿ ಮಾಡುವ ಔಷಧಿ ಇಲ್ಲ. ಕ್ಷಯ ತಗಲುವ ಅಪಾಯವೂ ಹೆಚ್ಚುತ್ತದೆ. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಮಗೇನೂ ಹೊಸದಲ್ಲ ಇದು. ಕೆಜಿಎಫ್‌ನಲ್ಲಿ ಚಿನ್ನ ಇದ್ದದ್ದೇ ಬೆಣಚುಕಲ್ಲಿನ ಪದರಗಳಲ್ಲಿ, ಅದನ್ನು ಕೊರೆದ ಕಾರ್ಮಿಕರ ಎದೆಗೂಡಿನಲ್ಲಿ ಸೇರಿದ್ದು ಇದೇ ಧೂಳು. 1948ರ ಕಾರ್ಖಾನೆ ಕಾಯ್ದೆಯಲ್ಲೇ ಸಿಲಿಕೋಸಿಸ್ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಆದರೆ ಮನೆ ಕಟ್ಟುವ ಸೈಟು ಕಾರ್ಖಾನೆ ಅಲ್ಲವಲ್ಲ. ಇವತ್ತು ಇಲ್ಲಿ, ನಾಳೆ ಇನ್ನೊಂದು ಬಡಾವಣೆಯಲ್ಲಿ ಗೋಡೆ ಕೊರೆಯುವ ಹುಡುಗನಿಗೆ ಕೆಮ್ಮು ಬಂದಾಗ ಅವನು ಯಾವ ಮನೆಯ ಧೂಳು ಅಂತ ತೋರಿಸುತ್ತಾನೆ?

ಧೂಳನ್ನು ಹಿಡಿಯುವುದಾದರೆ ಹುಟ್ಟುವ ಜಾಗದಲ್ಲೇ, ಬ್ಲೇಡಿನ ಬಾಯಲ್ಲೇ ಹಿಡಿಯಬೇಕು. ಗಾಳಿಗೆ ಹೋದ ಮೇಲೆ ಅದರ ಹಿಂದೆ ಓಡಿ ಪ್ರಯೋಜನವಿಲ್ಲ. ಇದಕ್ಕೆ ಒಳ್ಳೆಯ ಸಾಧನ ವಾಲ್ ಚೇಸರ್. ಎರಡು ವಜ್ರದ ಬ್ಲೇಡು ಪಕ್ಕಪಕ್ಕ, ಸುತ್ತ ಕವರ್, ಹಿಂದೆ ವ್ಯಾಕ್ಯೂಮಿನ ಪೈಪು ಸಿಕ್ಕಿಸಲು ಬಾಯಿ. ಒಂದೇ ಓಟಕ್ಕೆ ಎರಡೂ ಗೆರೆ ಸೀಳುತ್ತದೆ. ದುಡ್ಡು ಜಾಸ್ತಿ, ನಿಜ, ಆದರೆ ದಿನದ ಬಾಡಿಗೆಗೆ ಸಿಗುತ್ತದಾ ಅಂತ ವಿಚಾರಿಸಿ. ಅದಿಲ್ಲದಿದ್ದರೆ ಮಾಮೂಲಿ ಗ್ರೈಂಡರಿಗೇ ಹಾಕುವ ಡಸ್ಟ್ ಕವರ್ ಇದೆ, ಅದಕ್ಕೂ ವ್ಯಾಕ್ಯೂಮ್ ಜೋಡಿಸಬಹುದು. ವ್ಯಾಕ್ಯೂಮ್ ಮಾತ್ರ ಗಟ್ಟಿಮುಟ್ಟಾಗಿರಬೇಕು. ಇಂಥ ಗ್ರೈಂಡರುಗಳಿಗೆ ಅಮೆರಿಕದ ನಿಯಮ ಬ್ಲೇಡಿನ ಪ್ರತಿ ಇಂಚಿಗೆ ನಿಮಿಷಕ್ಕೆ 25 ಘನ ಅಡಿ ಗಾಳಿ ಎಳೆಯಬೇಕು, ಫಿಲ್ಟರ್ ಶೇ 99 ಧೂಳು ಹಿಡಿಯಬೇಕು ಅನ್ನುತ್ತದೆ. ನಾಲ್ಕಿಂಚಿನ ಬ್ಲೇಡಿಗೆ 100 ಘನ ಅಡಿ ಆಯಿತು. ಸೋಫಾ ಕ್ಲೀನ್ ಮಾಡುವ ಮನೆಯ ವ್ಯಾಕ್ಯೂಮನ್ನು ಇದಕ್ಕೆ ತರಬೇಡಿ. ಅದರ ಫಿಲ್ಟರ್ ಹತ್ತು ನಿಮಿಷಕ್ಕೆ ಕಟ್ಟಿಕೊಳ್ಳುತ್ತದೆ, ಸಣ್ಣ ಧೂಳನ್ನು ಹಿಂದಿನಿಂದ ಆಚೆ ಊದುತ್ತದೆ, ಕೊನೆಗೆ ಮೋಟಾರು ಸುಡುತ್ತದೆ.

ನೀರು? ಬ್ಲೇಡಿಗೇ ನೀರು ಬೀಳುವಂತಿದ್ದರೆ ಧೂಳು ಬಹಳ ಇಳಿಯುತ್ತದೆ. ನೀರಿನ ಪೈಪು ಜೋಡಿಸುವ ಕಟರುಗಳಿವೆ, ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್ಚು, ಇರುವ ಲೈನಿನಿಂದ ಮಾತ್ರ ಅವಕ್ಕೆ ಕರೆಂಟು ಕೊಡಿ, 30 ಮಿಲಿಆಂಪಿಯರಿನದು. ಸಾದಾ ಗ್ರೈಂಡರಿನ ಮೇಲೆ ಬಾಟಲಿಯಿಂದ ನೀರು ಹೊಯ್ಯುವ ಸಾಹಸ ಬೇಡ, ಶಾಕ್ ಹೊಡೆಯುತ್ತದೆ. ಹಿಂದಿನ ದಿನ ಗೋಡೆ ನೆನೆಸಿದರೆ ಸಾಕು ಅನ್ನುತ್ತಾರೆ. ಸ್ವಲ್ಪ ಉಪಯೋಗ ಇದೆ, ಆದರೆ ಸಾಲಿಡ್ ಬ್ಲಾಕಿನಲ್ಲಿ ನೀರು ಮೇಲ್ಮೈಯಲ್ಲೇ ನಿಲ್ಲುತ್ತದೆ, ಒಂದಿಂಚು ಒಳಗೆ ಬ್ಲೇಡಿಗೆ ಸಿಗುವುದು ಒಣ ಪುಡಿಯೇ. ಒದ್ದೆ ಕೆಸರನ್ನು ಒಣಗುವ ಮುಂಚೆ ಬಳಿದು ತೆಗೆಯದಿದ್ದರೆ ಮಾರನೇ ದಿನ ಅದೇ ಧೂಳಾಗಿ ಏಳುತ್ತದೆ.

ಇನ್ನು ಮುಖಕ್ಕೆ ಕಟ್ಟುವ ಟವೆಲ್. ಈ ಧೂಳಿಗೆ ಅದು ಸೊಳ್ಳೆ ಹಿಡಿಯಲು ಮೀನಿನ ಬಲೆ ಬೀಸಿದ ಹಾಗೆ. ಕೊರೋನಾ ಕಾಲದ ನೀಲಿ ಮಾಸ್ಕ್ ಕೂಡ ಅಷ್ಟೇ, ಕೆನ್ನೆಯ ಪಕ್ಕದಿಂದ ಗಾಳಿ ನುಗ್ಗುತ್ತದೆ. ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕ್ ಬೇಕು, ಮುಚ್ಚಿದ ರೂಮಿನಲ್ಲಿ ಗಂಟೆಗಟ್ಟಲೆ ಕೆಲಸ ಇದ್ದರೆ ಇನ್ನೂ ಚೆನ್ನಾಗಿ ಸೋಸುವ ಎಫ್‌ಎಫ್‌ಪಿ3. ಮೂಗಿನ ಪಟ್ಟಿ ಒತ್ತಿ, ಎರಡೂ ದಾರ ತಲೆ ಹಿಂದೆ ಹಾಕಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಗಡ್ಡ ಇದ್ದರೆ ಸೋರುತ್ತದೆ. ಕೆಲಸದವರೇ ತರಲಿ ಅಂತ ಕಾಯಬೇಡಿ, ಮನೆ ಕಟ್ಟಿಸುವವರು ಒಂದು ಡಬ್ಬಿ ತಂದಿಡಿ. ಒಂದು ಸ್ವಿಚ್ ಬೋರ್ಡಿನ ದುಡ್ಡೂ ಆಗುವುದಿಲ್ಲ. "ಉಸಿರು ಕಟ್ಟುತ್ತೆ ಅಣ್ಣ" ಅಂತ ಹುಡುಗರು ಬಿಚ್ಚಿಡುತ್ತಾರೆ, ಅದೂ ಸುಳ್ಳಲ್ಲ, ಸೆಕೆಯಲ್ಲಿ ಕಷ್ಟ. ಉಸಿರು ಬಿಡುವ ವಾಲ್ವ್ ಇರುವ ಮಾಸ್ಕ್ ತಂದರೆ ಸ್ವಲ್ಪ ಮೇಲು. ಅರ್ಧ ಗಂಟೆಗೊಮ್ಮೆ ಆಚೆ ಹೋಗಿ ಬರಲು ಬಿಡಿ.

ಜನ ವಾಸ ಇರುವ ಮನೆಯಲ್ಲಿ ಒಂದು ಎಸಿ ಪಾಯಿಂಟಿಗೋ ಗೀಸರಿಗೋ ಕೊರೆಸುವುದಾದರೆ ಕಥೆ ಬೇರೆ. ರೂಮು ಪೂರ್ತಿ ಖಾಲಿ ಮಾಡಿ, ಆಗದ ಬೀರುವಿಗೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ. ಬಾಗಿಲಿಗೆ ನೆಲದವರೆಗೆ ಪ್ಲಾಸ್ಟಿಕ್ ಪರದೆ. ಫ್ಯಾನು, ಎಸಿ ಎರಡೂ ಆಫ್. ಸೀಲಿಂಗ್ ಫ್ಯಾನ್ ಹಾಕಿದರೆ ಧೂಳು ಮನೆಯೆಲ್ಲ ಸುತ್ತುತ್ತದೆ, ಎಸಿ ಓಡಿಸಿದರೆ ಅದರ ಹೊಟ್ಟೆಗೆ ಹೋಗುತ್ತದೆ. ಒಂದು ಟೇಬಲ್ ಫ್ಯಾನನ್ನು ಕಿಟಕಿಯಲ್ಲಿ ಹೊರಮುಖ ಮಾಡಿ ಇಟ್ಟು, ಕಿಟಕಿಯ ಉಳಿದ ಸಂದನ್ನು ರಟ್ಟಿನಲ್ಲಿ ಮುಚ್ಚಿ. ಆಗ ಬಾಗಿಲ ಸಂದಿನಿಂದ ಗಾಳಿ ರೂಮಿನೊಳಕ್ಕೆ ಬರುತ್ತದೆಯೇ ಹೊರತು ಧೂಳು ಹಾಲಿಗೆ ಹೋಗುವುದಿಲ್ಲ. ಕಿಟಕಿ ಪಕ್ಕದ ಮನೆಯ ಬಾಲ್ಕನಿಗೆ ಮುಖ ಮಾಡಿದ್ದರೆ ಅವರಿಗೆ ಮೊದಲೇ ಒಂದು ಮಾತು ಹೇಳಿ, ಬಟ್ಟೆ ಒಳಗೆ ತೆಗೆದುಕೊಳ್ಳಲಿ. ಉಬ್ಬಸ ಇರುವವರು, ಮಕ್ಕಳು, ವಯಸ್ಸಾದವರು ಆ ದಿನ ನೆಂಟರ ಮನೆಗೆ ಹೋಗಿಬರುವುದು ಒಳ್ಳೆಯದು.

ಗುಡಿಸುವಾಗ ಒಣ ಪೊರಕೆ ಬೇಡ, ಬಿದ್ದ ಧೂಳೆಲ್ಲ ಮತ್ತೆ ಮೇಲೆ ಏಳುತ್ತದೆ. ನೀರು ಚಿಮುಕಿಸಿ ಒತ್ತೊತ್ತಾಗಿ ಬಳಿದು ಚೀಲಕ್ಕೆ ತುಂಬಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ. ಮೈಮೇಲಿನ ಬಟ್ಟೆಯನ್ನು ಕೊಡವಿದರೂ ಅದೇ ಕಥೆ.

ಇಷ್ಟೆಲ್ಲ ಮಾಡಿ ಕೊನೆಗೆ ಕೆಡಿಸಿಕೊಳ್ಳುವುದು ಮುಚ್ಚುವಾಗ. ಎಲೆಕ್ಟ್ರಿಷಿಯನ್ ಮೊಳೆ ಹೊಡೆದು ಪೈಪು ನಿಲ್ಲಿಸಿ ಹೋಗುತ್ತಾನೆ, ಮುಚ್ಚುವುದು ಗಾರೆಯವರ ಕೆಲಸ ಅನ್ನುತ್ತಾನೆ. ಗಾರೆಯವರು ಇಡೀ ಗೋಡೆಗೆ ಪ್ಲಾಸ್ಟರಿಂಗ್ ಮಾಡುವಾಗ ಅದರಲ್ಲೇ ತುಂಬಿಬಿಡುತ್ತಾರೆ. ಸ್ವಿಚ್ ಬೋರ್ಡಿನಿಂದ ಸೂರಿನ ತನಕ ನೆಟ್ಟಗೆ ಹೋಗುವ ಬಿರುಕು ಬರುವುದು ಇದರಿಂದಲೇ. ಗ್ರೂವಿನಲ್ಲಿ ಗಾರೆ ದಪ್ಪ, ಪಕ್ಕದಲ್ಲಿ ತೆಳು, ಒಣಗುವಾಗ ಎರಡೂ ಒಂದೇ ಥರ ಕುಗ್ಗುವುದಿಲ್ಲ. ಒಳಗಿರುವ ಪಿವಿಸಿ ಪೈಪಿಗೆ ಗಾರೆ ಅಂಟುವುದೂ ಇಲ್ಲ. ಮೊದಲು ಗ್ರೂವಿನ ಪುಡಿ ತೆಗೆದು ನೀರು ಹಾಕಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನು ಒಳಗೆ ಒತ್ತಿ ತುಂಬಿ ಗೋಡೆ ಮಟ್ಟಕ್ಕಿಂತ ಕೊಂಚ ಒಳಗೆ ನಿಲ್ಲಿಸಬೇಕು. ಅದು ಗಟ್ಟಿಯಾದ ಮೇಲೆ ಎರಡೂ ಕಡೆ ನಾಲ್ಕಿಂಚು ಬರುವ ಹಾಗೆ ಚಿಕನ್ ಮೆಶ್, ಅಂದರೆ ತೆಳು ತಂತಿಯ ಬಲೆ, ಹೊಡೆದು ಆಮೇಲೆ ಪ್ಲಾಸ್ಟರಿಂಗ್. ಎಎಸಿ ಬ್ಲಾಕಿಗೆ ಸಿಮೆಂಟ್ ಗಾರೆಯ ಬದಲು ಬ್ಲಾಕ್ ಕಟ್ಟಲು ಬಳಸಿದ ಅಂಟು, ಮೇಲೆ ಫೈಬರ್ ಮೆಶ್. ಯಾರು ಕೊರೆಯುತ್ತಾರೆ, ಯಾರು ತುಂಬುತ್ತಾರೆ, ಮೆಶ್ ಯಾರ ಲೆಕ್ಕ, ಮಾಸ್ಕ್ ಮತ್ತು ವ್ಯಾಕ್ಯೂಮ್ ಯಾರ ಲೆಕ್ಕ, ಇದನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಮೆಶ್ ಹೊಡೆಯುವ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಒಂದೊಂದು ಫೋಟೋ ತೆಗೆದು, ಯಾವ ರೂಮು, ಯಾವ ಗೋಡೆ ಅಂತ ಹೆಸರು ಹಾಕಿ ಇಟ್ಟುಕೊಳ್ಳಿ.